ಹವ್ಯಾಸದಿಂದ ವೃತ್ತಿಗೆ: ಭಾರತದ ಫ್ಲೈಯಿಂಗ್ ಕ್ಲಬ್‌ಗಳ ಮೊದಲ ದಶಕಗಳು

ಭಾರತದ ವಿಮಾನಯಾನದ ಚರಿತ್ರೆಯನ್ನು ದೊಡ್ಡ ವಿಮಾನ ಸಂಸ್ಥೆಗಳ ಇಲ್ಲವೇ ವಾಯುಪಡೆಯ ಚರಿತ್ರೆಯಾಗಿ ಬರೆಯುವುದು ರೂಢಿ. ಆದರೆ ಟಾಟಾ ಅಂಚೆ ವಿಮಾನವೂ ಭಾರತೀಯ ವಾಯುಪಡೆಯೂ ಹುಟ್ಟಿದ 1932ಕ್ಕೆ ಮೊದಲೇ, ಸಂಬಳಕ್ಕಾಗಲಿ ಯುದ್ಧಕ್ಕಾಗಲಿ ಅಲ್ಲದೆ ಹಾರುವ ಆಸೆಯೊಂದರಿಂದಲೇ ಪುಟ್ಟ ವಿಮಾನ ನಡೆಸಲು ಕಲಿತ ಹವ್ಯಾಸಿಗಳು ಇಲ್ಲಿದ್ದರು. ಅವರನ್ನು ರೂಪಿಸಿದ್ದು ಫ್ಲೈಯಿಂಗ್ ಕ್ಲಬ್. ಎಂದರೆ ವಿಮಾನ, ಮೈದಾನ, ಶಿಕ್ಷಕ, ಮೆಕ್ಯಾನಿಕ್ ಈ ನಾಲ್ಕರ ಖರ್ಚನ್ನೂ ಸದಸ್ಯರು ಹಂಚಿಕೊಂಡು, ಸರ್ಕಾರದ ನೆರವನ್ನೂ ಪಡೆದು ನಡೆಸುತ್ತಿದ್ದ ಸಂಸ್ಥೆ. ವೃತ್ತಿಪರ ವಿಮಾನಯಾನದ ಬೇರು ಈ ಹವ್ಯಾಸದಲ್ಲಿದೆ.

ಇಂಥ ಕ್ಲಬ್ಬುಗಳು ಸಾಧ್ಯವಾದದ್ದು ಅಗ್ಗದ, ಸರಳವಾದ ಒಂದು ಯಂತ್ರ ದೊರೆತ ಮೇಲೆ. ಬ್ರಿಟನ್ನಿನ ಜೆಫ್ರಿ ಡಿ ಹ್ಯಾವಿಲ್ಯಾಂಡ್ 1925ರ ಫೆಬ್ರವರಿಯಲ್ಲಿ ಲಂಡನ್ನಿನ ಸ್ಟ್ಯಾಗ್ ಲೇನ್ ಮೈದಾನದಿಂದ ಹಾರಿಸಿದ ‘ಮಾಥ್’ ಒಂದರ ಮೇಲೊಂದು ರೆಕ್ಕೆಗಳಿದ್ದ, ಹಿಂದೆ ಮುಂದೆ ಇಬ್ಬರು ಕೂರುವ ತೆರೆದ ವಿಮಾನ. ಮೊದಲ ಮಹಾಯುದ್ಧದಿಂದ ಉಳಿದಿದ್ದ ಎಂಟು ಸಿಲಿಂಡರಿನ ರೆನೋ ಎಂಜಿನ್ನಿನ ಅರ್ಧಭಾಗವನ್ನು ಆಧಾರವಾಗಿಟ್ಟುಕೊಂಡು ಫ್ರಾಂಕ್ ಹಾಲ್ಫರ್ಡ್ ರೂಪಿಸಿದ ಸುಮಾರು 60 ಅಶ್ವಶಕ್ತಿಯ ‘ಸಿರಸ್’ ಎಂಜಿನ್ ಅದಕ್ಕೆ ಹೊಂದಿತು. 1928ರಲ್ಲಿ ಬಂದ 100 ಅಶ್ವಶಕ್ತಿಯ ‘ಜಿಪ್ಸಿ’ ಎಂಜಿನ್ನಿನಿಂದ ‘ಜಿಪ್ಸಿ ಮಾಥ್’ ಎಂಬ ಹೆಸರು ಪ್ರಸಿದ್ಧವಾಯಿತು. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಬಹುದಾಗಿದ್ದುದರಿಂದ ವಿಮಾನವನ್ನು ಚಿಕ್ಕ ಕೊಟ್ಟಿಗೆಯಲ್ಲೂ ನಿಲ್ಲಿಸಬಹುದಿತ್ತು.

ಈ ವಿಮಾನದಲ್ಲಿ ಕಲಿಕೆ ಇಂದಿನ ಕಣ್ಣಿಗೆ ಕಠಿಣವಾಗಿಯೇ ಕಾಣುತ್ತದೆ. ಎಂಜಿನ್ ಚಾಲೂ ಮಾಡಲು ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಆರಂಭದ ಮಾಥ್‌ಗಳಲ್ಲಿ ಚಕ್ರಗಳಿಗೆ ಬ್ರೇಕ್ ಇರಲಿಲ್ಲ, ಬಾಲದ ತುದಿಯಲ್ಲಿದ್ದ ಊರುಗೋಲು ನೆಲಕ್ಕೆ ಉಜ್ಜಿಯೇ ವೇಗ ತಗ್ಗಬೇಕಿತ್ತು. ರೇಡಿಯೊ ಇಲ್ಲದ ವಿಮಾನದಲ್ಲಿ ಶಿಕ್ಷಕನ ಮಾತು ಶಿಷ್ಯನ ಕಿವಿಗೆ ತಲುಪುತ್ತಿದ್ದುದು ರಬ್ಬರ್ ಕೊಳವೆಯ ಮೂಲಕ. ದಾರಿ ತಿಳಿಯಲು ದಿಕ್ಸೂಚಿ, ತೊಡೆಯ ಮೇಲಿನ ನಕ್ಷೆ, ಕೆಳಗೆ ಕಾಣುವ ರೈಲು ಹಳಿ ಮತ್ತು ನದಿಗಳೇ ಆಸರೆ. ಗಾಳಿ, ಮೋಡ, ಎಂಜಿನ್ನಿನ ಸದ್ದು ಎಲ್ಲವನ್ನೂ ಸ್ವತಃ ಓದಿಕೊಳ್ಳಬೇಕಾದ ಈ ಶಿಸ್ತು ಹವ್ಯಾಸಿಯನ್ನು ಬಲು ಬೇಗ ಹೊಣೆಗಾರನನ್ನಾಗಿ ಮಾಡಿತು.

ಭಾರತದಲ್ಲಿ ದೆಹಲಿ ಮತ್ತು ಮುಂಬಯಿಯ ಕ್ಲಬ್ಬುಗಳು 1928ರ ವೇಳೆಗೆ ರೂಪುಗೊಂಡವು. ಇವುಗಳ ಮೇಲೆ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಎಂಬ ಮಾತೃಸಂಸ್ಥೆಯಿದ್ದು, ಚಾಲಕರಿಗೆ ಪ್ರಮಾಣಪತ್ರ ಕೊಡುವ ಅಧಿಕಾರ ಅದಕ್ಕಿತ್ತು. 1929ರ ಫೆಬ್ರವರಿ 10ರಂದು ಅದು ಕೊಟ್ಟ ಮೊದಲ ಸಂಖ್ಯೆಯ ಪ್ರಮಾಣಪತ್ರ ಜೆ.ಆರ್.ಡಿ. ಟಾಟಾ ಅವರಿಗೆ ಸಂದಿತು.

ಮರುವರ್ಷವೇ ಈ ಹವ್ಯಾಸಿಗಳ ಸತ್ವಪರೀಕ್ಷೆ ನಡೆಯಿತು. ಇಂಗ್ಲೆಂಡ್ ಮತ್ತು ಭಾರತದ ನಡುವೆ, ಯಾವ ದಿಕ್ಕಿನಿಂದಲಾದರೂ ಸರಿ, ಒಂದು ತಿಂಗಳೊಳಗೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಘೋಷಿಸಿದ್ದರು. ಮನಮೋಹನ್ ಸಿಂಗ್, ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಮತ್ತು ಜೆ.ಆರ್.ಡಿ. ಮೂವರೂ ಜಿಪ್ಸಿ ಮಾಥ್‌ಗಳಲ್ಲಿ ಹೊರಟರು. ಮೊದಲಿಬ್ಬರು ಇಂಗ್ಲೆಂಡಿನಿಂದ, ಜೆ.ಆರ್.ಡಿ. ಕರಾಚಿಯಿಂದ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಳಿದಾಗ, ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್‌ಗಳು ಕೆಟ್ಟು ಆಸ್ಪಿ ಅಲ್ಲೇ ಸಿಕ್ಕಿಬಿದ್ದಿರುವುದು ಜೆ.ಆರ್.ಡಿ.ಗೆ ತಿಳಿಯಿತು. ತಮ್ಮ ಬಳಿಯಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಅವರು ಎದುರಾಳಿಗೆ ಕೊಟ್ಟರು. ಮನಮೋಹನ್ ಸಿಂಗ್ ಗಡುವು ಮೀರಿ ತಲುಪಿದರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಆಸ್ಪಿಯ ಪಾಲಾಯಿತು. ಬಿಡಿಭಾಗವನ್ನೂ ಬುದ್ಧಿವಾದವನ್ನೂ ಹಂಚಿಕೊಳ್ಳುವ ಕ್ಲಬ್ಬಿನ ನಡವಳಿಕೆ ಸ್ಪರ್ಧೆಯ ನಡುವೆಯೂ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂವರ ಮುಂದಿನ ಬದುಕು ಹವ್ಯಾಸ ವೃತ್ತಿಯಾದ ಬಗೆಯನ್ನು ತೋರಿಸುತ್ತದೆ. ಜೆ.ಆರ್.ಡಿ. 1932ರ ಅಕ್ಟೋಬರ್ 15ರಂದು ‘ಪುಸ್ ಮಾಥ್’ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಏರ್ ಇಂಡಿಯಾದ ಮೂಲ ಇದೇ. ಆಸ್ಪಿ ಎಂಜಿನಿಯರ್ 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ಎರಡನೆಯ ಮಹಾಯುದ್ಧದಲ್ಲಿ ಸೇವೆಗೆ ಸೇರಿದ ಮನಮೋಹನ್ ಸಿಂಗ್ 1942ರಲ್ಲಿ ಆಸ್ಟ್ರೇಲಿಯಾದ ಬ್ರೂಮ್ ಮೇಲೆ ನಡೆದ ಜಪಾನೀ ದಾಳಿಯಲ್ಲಿ ಮಡಿದರು.

ಕ್ಲಬ್ಬಿನ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳಲಾಗದು. ಹಂಚಿಕೊಂಡರೂ ಹಾರಾಟ ದುಬಾರಿಯೇ ಆಗಿದ್ದು, ಉಳ್ಳವರೂ ಅಧಿಕಾರಿಗಳೂ ಮುಂದಿದ್ದರು. ಆ ಮಿತಿಯೊಳಗೂ 1936ರಲ್ಲಿ ಲಾಹೋರಿನಲ್ಲಿ ಸರಳಾ ಥಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾಥ್ ಹಾರಿಸಿದ್ದು ಕಡಿಮೆ ಮಾತಲ್ಲ.

ಸ್ವಾತಂತ್ರ್ಯಾನಂತರ ಈ ಚರಿತ್ರೆಯ ಕೇಂದ್ರ ಬೆಂಗಳೂರಿನತ್ತ ಸರಿಯಿತು. ಮೈಸೂರು ಮಹಾರಾಜರು ನೀಡಿದ ಜಮೀನಿನಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ನೆಲೆಗೊಂಡಿತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನೂ 1958ರ ಸೆಪ್ಟೆಂಬರಿನಲ್ಲಿ ‘ಪುಷ್ಪಕ’ವನ್ನೂ ಹಾರಿಸಿತು. ಕ್ಲಬ್ಬುಗಳಿಗೆಂದೇ ರೂಪಿಸಿದ ಪುಷ್ಪಕ ಒಂದೇ ಜೊತೆ ರೆಕ್ಕೆಯ, 90 ಅಶ್ವಶಕ್ತಿಯ, ಬಟ್ಟೆ ಹೊದಿಸಿದ ಹಗುರ ವಿಮಾನ. ಶಿಕ್ಷಕ ಶಿಷ್ಯರು ಅದರಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಮಾಥ್ ಬ್ರಿಟನ್ನಿನಲ್ಲಿ ಮಾಡಿದ ಕೆಲಸವನ್ನು ಇಲ್ಲಿನ ಮೈದಾನಗಳಲ್ಲಿ ಪುಷ್ಪಕ ಮಾಡಿತು.

ಇಂದು ಖಾಸಗಿ ಪೈಲಟ್ ಪರವಾನಗಿಗೆ ಅಂತರರಾಷ್ಟ್ರೀಯ ನಿಯಮದಂತೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಇಂಧನ, ನಿರ್ವಹಣೆ, ವಿಮೆಯ ಖರ್ಚು ಇದಕ್ಕೆ ಸೇರುತ್ತದೆ. ಹಾರಬಯಸುವವರ ಪೈಕಿ ಸ್ವಂತ ವಿಮಾನ ಕೊಳ್ಳಬಲ್ಲವರು ಎಂದೂ ಬೆರಳೆಣಿಕೆಯಷ್ಟೇ. ಆದ್ದರಿಂದ ಸರಳ ಯಂತ್ರ, ಹಂಚಿಕೊಂಡ ಖರ್ಚು, ಮೈದಾನದಲ್ಲಿ ಖಾಯಂ ಇರುವ ಶಿಕ್ಷಕ ಎಂಬ ಕ್ಲಬ್ಬಿನ ಹಳೆಯ ಸೂತ್ರಕ್ಕೆ ಇನ್ನೂ ಬದಲಿ ಹುಟ್ಟಿಲ್ಲ. ಭಾರತದ ವಿಮಾನಯಾನದ ಚರಿತ್ರೆ ಬರೆಯುವವರು ಮೊದಲ ಅಧ್ಯಾಯವನ್ನು ಈ ಹವ್ಯಾಸಿಗಳಿಗೇ ಮೀಸಲಿಡುವುದು ನ್ಯಾಯ.