ಬಿರಿಯಾನಿಯ ಕಲ್ಲುಹೂವು, ಬಿಳಿಗಿರಿಯ ಕಾಡು

ವಸಂತಪುರದ ನಮ್ಮ ಮನೆಯಲ್ಲಿ ಬಿರಿಯಾನಿ ಮಸಾಲೆ ಹುರಿಯುವಾಗ ಅಮ್ಮಿ ಕೊನೆಗೊಂದು ಚಿಟಿಕೆ ‘ಪತ್ಥರ್ ಕಾ ಫೂಲ್’ ಹಾಕುತ್ತಿದ್ದರು. ಪಕ್ಕದ ಮನೆಯವರು ಅದನ್ನೇ ಕಲ್ಲುಹೂವು ಎಂದು ತಮ್ಮ ಮಸಾಲೆ ಪುಡಿಗೆ ಬೆರೆಸುತ್ತಿದ್ದರು. ಹೆಸರು ಎರಡು, ಕಾಡು ಒಂದೇ. ನಿಜಕ್ಕೆ ಅದು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ, ಬಂಡೆ ಮತ್ತು ತೊಗಟೆಗಳ ಮೇಲೆ ತೀರಾ ನಿಧಾನವಾಗಿ ಬೆಳೆಯುವ ಜೀವಿ.

ಇಂಥ ಕಲ್ಲುಹೂವು, ಜೇನು, ನೆಲ್ಲಿ, ಸೀಗೆ, ಅಂಟುವಾಳಗಳನ್ನು ಕಾಡಿನಿಂದ ಹೊತ್ತು ತಂದವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮವಾಯಿತು. 1987ರ ಹೊತ್ತಿಗೆ ಅದರ ವಿಸ್ತೀರ್ಣ 540 ಚದರ ಕಿಲೋಮೀಟರಿಗೆ ಬೆಳೆಯಿತು. ಬೇಟೆ, ಸುತ್ತು ಬೇಸಾಯ ನಿಂತವು. ಪೋಡುಗಳಲ್ಲಿ ನೆಲೆಸಿದ ಸೋಲಿಗರಿಗೆ ಉಳಿದದ್ದು ಕಾಡಿನ ಕಿರು ಉತ್ಪನ್ನ. ಅದನ್ನು ಲ್ಯಾಂಪ್ಸ್ ಸಹಕಾರ ಸಂಘಗಳು ಕೊಳ್ಳುತ್ತಿದ್ದವು. 1990ರ ದಶಕದ ಅಧ್ಯಯನಗಳ ಪ್ರಕಾರ ಹಲವು ಕುಟುಂಬಗಳ ಆದಾಯದ ಅರ್ಧದಷ್ಟು ಇದರಿಂದಲೇ ಬರುತ್ತಿತ್ತು.

ಕಾಡಿನ ಮೇಲೆ ಒತ್ತಡ ಇರಲಿಲ್ಲವೇ? ಇತ್ತು. ಅವಸರದಲ್ಲಿ ಕೊಂಬೆ ಕಡಿದು ನೆಲ್ಲಿಕಾಯಿ ಕಿತ್ತದ್ದೂ ಉಂಟು. ಕಾಡಿನಲ್ಲಿ ಎಳೆಯ ನೆಲ್ಲಿ ಗಿಡಗಳು ವಿರಳವಾದವು. ಆದರೆ ಕಾಯಿ ಕೀಳುವುದೊಂದೇ ಕಾರಣವಲ್ಲ ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಮರದ ರಸ ಹೀರುವ ಬದನಿಕೆ ಹಬ್ಬಿತ್ತು. ನೆಲವನ್ನು ಲಂಟಾನ ಮುಚ್ಚಿತ್ತು. ಹಿಂದೆ ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ‘ತರಗು ಬೆಂಕಿ’ ಇವೆರಡನ್ನೂ ಹತೋಟಿಯಲ್ಲಿಡುತ್ತಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು. ಧಾಮವಾದ ಮೇಲೆ ಬೆಂಕಿ ಅಪರಾಧವಾಯಿತು.

1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದಿತು. ಧಾಮದ ಒಳಗಿನಿಂದ ಮಾರಾಟಕ್ಕಾಗಿ ಏನನ್ನೂ ತೆಗೆಯುವಂತಿಲ್ಲ ಎಂದಾಯಿತು. ಬಿಳಿಗಿರಿಯಲ್ಲಿ ಸಂಗ್ರಹಕ್ಕೆ ತಡೆ ಬಿತ್ತು. ಅನೇಕರು ಕೂಲಿ ಅರಸಿ ಹೋದರು. ನಿಷೇಧದಿಂದ ಲಂಟಾನವೇನೂ ಹಿಂದೆ ಸರಿಯಲಿಲ್ಲ. ಕೊಯ್ಯುವವರು ಹೊರಗಾದಾಗ ಯಾವ ಮರ ಕಾಯಿ ಬಿಟ್ಟಿದೆ, ಯಾವುದು ಸೊರಗಿದೆ ಎಂದು ದಿನವೂ ನೋಡುತ್ತಿದ್ದ ಕಣ್ಣುಗಳೂ ಹೊರಗಾದವು.

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳದ್ದೆಂದು ಒಪ್ಪಿತು. 2011ರಲ್ಲಿ ಎರಡು ಸಂಗತಿಗಳು ನಡೆದವು: ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು, ಅದೇ ವರ್ಷ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿಯ ಕಾಡಿನಲ್ಲೇ ಮನುಷ್ಯನ ಹಕ್ಕೂ ಕಾನೂನುಬದ್ಧವಾಯಿತು.

ಹಾಗಾದರೆ ‘ಒತ್ತಡ’ ಯಾರದು? ಮರ ಹತ್ತುವವನ ಬೆನ್ನ ಮೇಲಿನ ಚೀಲ ನಮಗೆ ಕಾಣುತ್ತದೆ; ಆ ಚೀಲ ತುಂಬಲೆಂದು ಕಾಯುವ ನಮ್ಮ ಪೇಟೆ ಕಾಣುವುದಿಲ್ಲ. ಸೋಲಿಗರು ಜೇನು ತೆಗೆಯುವಾಗ ಹುಳುಗಳಿಗೆಂದೂ ಒಂದು ಪಾಲು ಬಿಡುತ್ತಾರೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಕಾಡಿನ ಪಾಲು ಎಷ್ಟು? ಮಸಾಲೆ ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.