ಅರಸಾಳು: ಮಾಲ್ಗುಡಿ ಬೋರ್ಡಿನ ಹಿಂದಿರೋ ರೈಲು ನಿಲ್ದಾಣ

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಮೈಸೂರು–ತಾಳಗುಪ್ಪ ಮಧ್ಯೆ ಓಡೋ ಒಂದು ರೈಲಿಗೆ 2022ರಲ್ಲಿ ‘ಕುವೆಂಪು ಎಕ್ಸ್‌ಪ್ರೆಸ್’ ಅಂತ ಹೆಸರಿಟ್ಟರು. ಕುವೆಂಪು ಅವರ ಕುಪ್ಪಳಿ ಇರೋದು ತೀರ್ಥಹಳ್ಳಿ ತಾಲ್ಲೂಕಲ್ಲಿ. ಹಾಗಾದ್ರೆ ಆ ರೈಲು ತೀರ್ಥಹಳ್ಳಿಗೆ ಎಷ್ಟೊತ್ತಿಗೆ ಬರುತ್ತೆ?

ಉತ್ತರ: ಬರೋದೇ ಇಲ್ಲ. ತೀರ್ಥಹಳ್ಳಿಗೆ ಇವತ್ತಿಗೂ ರೈಲು ಮಾರ್ಗವಿಲ್ಲ. ಪಕ್ಕದ ಹೊಸನಗರ ಪಟ್ಟಣಕ್ಕೂ ಇಲ್ಲ. ಆದರೆ ಹೊಸನಗರ ತಾಲ್ಲೂಕಿನ ಒಂದು ಅಂಚಲ್ಲಿ, ರಿಪ್ಪನ್‌ಪೇಟೆ ಕಡೆಯಿಂದ ಹೋಗೋ ದಾರಿಯಲ್ಲಿ, ಕಾಡಿನ ಪಕ್ಕ ಒಂದು ಪುಟ್ಟ ನಿಲ್ದಾಣ ಇದೆ. ಅದೇ ಅರಸಾಳು. ದಿನಕ್ಕೆ ಬೆರಳೆಣಿಕೆಯಷ್ಟು ರೈಲು. ಅವು ಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಹಕ್ಕಿ ಕೂಗೋದು ಬಿಟ್ಟರೆ ಬೇರೆ ಸದ್ದಿಲ್ಲ.

ನಿಮ್ಮಲ್ಲಿ ಕೆಲವರು ಈ ಜಾಗವನ್ನ ರೀಲ್ಸ್‌ನಲ್ಲಿ ನೋಡಿರ್ತೀರಿ, ‘ಮಾಲ್ಗುಡಿ’ ಅನ್ನೋ ಹೆಸರಲ್ಲಿ. ಆ ಕಥೆಗೆ ಬರೋಣ. ಅದಕ್ಕೂ ಮೊದಲು, ಇಲ್ಲಿಗೆ ಹಳಿ ಯಾಕೆ ಬಂತು ಅನ್ನೋದನ್ನ ನೋಡೋಣ.

ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಗೇ ಅದು ನಿಂತುಬಿಡ್ತು. ಮುಂದಿನ ಸುಮಾರು ಮೂವತ್ತು ವರ್ಷ ಶಿವಮೊಗ್ಗವೇ ಕೊನೇ ನಿಲ್ದಾಣ. ಮೈಸೂರು ಸಂಸ್ಥಾನದ ರೈಲ್ವೆ 1930ರ ದಶಕದಲ್ಲಿ ಮತ್ತೆ ಹಳಿ ಹಾಸೋಕೆ ಶುರು ಮಾಡಿತು. ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ತುಂಡು ತುಂಡಾಗಿ ಮುಂದಕ್ಕೆ ಹೋಗಿ, 1940ರಲ್ಲಿ ತಾಳಗುಪ್ಪ ಮುಟ್ಟಿತು. ಎಲ್ಲವೂ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ಮಧ್ಯೆ ಒಂದೇ ಒಂದು ಮೀಟರ್ ಅಂತರ.

ಆ ವರ್ಷಗಳನ್ನ ಸ್ವಲ್ಪ ಗಮನಿಸಿ. ಜೋಗದಲ್ಲಿ ಶರಾವತಿಯಿಂದ ವಿದ್ಯುತ್ ತೆಗೆಯೋ ಯೋಜನೆ ಶುರುವಾಗಿದ್ದು 1939ರಲ್ಲಿ. ತಾಳಗುಪ್ಪದಿಂದ ಜೋಗಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ಕುಂಸಿ ಸುತ್ತಮುತ್ತ ಮ್ಯಾಂಗನೀಸ್ ಅದಿರು, ಎರಡೂ ಕಡೆ ಬೆಲೆಬಾಳೋ ಮರದ ಕಾಡು. ಅಂದರೆ ಈ ಹಳಿಯ ಲೆಕ್ಕಾಚಾರದಲ್ಲಿ ಸರಕಿನ ತೂಕವೇ ಹೆಚ್ಚಿತ್ತು. ಸಂತೆಗೆ ಹೋಗೋರು, ಶಾಲೆಗೆ ಹೋಗೋರು, ಅಡಿಕೆ ವ್ಯಾಪಾರದೋರು ಅದೇ ಹಳಿಯನ್ನ ತಮ್ಮದು ಮಾಡಿಕೊಂಡರು, ಅಷ್ಟೇ.

1948ರಲ್ಲಿ ಜೋಗದ ವಿದ್ಯುತ್ ಹರಿಯೋಕೆ ಶುರುವಾಯ್ತು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟೂ ಎದ್ದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು ನೀರಿನಡಿ ಹೋದವು. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯೋದು ಹೊಸನಗರ, ಸಾಗರದ ನೆಲದಲ್ಲಿ. ಈ ಮೂರೂ ತಾಲ್ಲೂಕಿಗೆ ನದಿ ಒಂದೇ. ಆದರೆ ಕರೆಂಟು, ಮುಳುಗಡೆ, ರೈಲು ಈ ಮೂರರಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಅಂತ ಕೇಳಿದ್ರೆ ಲೆಕ್ಕ ಸಮ ಬರೋದಿಲ್ಲ.

ಇದೇ ಹಳಿ ಇನ್ನೊಂದು ಚರಿತ್ರೆಗೂ ಸಾಕ್ಷಿ. ಅದು 1951. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಎದ್ದು ನಿಂತಿದ್ದರು. ಗೇಣಿ ಅಳೆಯೋ ಕೊಳಗದ ಅಳತೆಯಲ್ಲೇ ಮೋಸ ಇದೆ ಅನ್ನೋದು ಅವರ ಸಿಟ್ಟು. ಎಚ್. ಗಣಪತಿಯಪ್ಪ ಮುಂದೆ ನಿಂತಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು. ಆ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ರೈತರ ಜೊತೆ ಗದ್ದೆಗಿಳಿದರು. ಪೊಲೀಸರು ಅವರನ್ನ ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ‘ಉಳುವವನೇ ಹೊಲದೊಡೆಯ’ ಅನ್ನೋ ಮಾತು 1970ರ ದಶಕದಲ್ಲಿ ಕರ್ನಾಟಕದ ಕಾನೂನಾಯ್ತಲ್ಲ, ಆ ದಾರಿಯಲ್ಲಿ ಈ ಚಿಕ್ಕ ನಿಲ್ದಾಣವೂ ಒಂದು ಸ್ಟಾಪ್.

ಈಗ ಮಾಲ್ಗುಡಿ. ಆರ್.ಕೆ. ನಾರಾಯಣ್ ಈ ಊರನ್ನ ಕಲ್ಪಿಸಿಕೊಂಡಿದ್ದು 1930ರಲ್ಲಿ, ಬೆಂಗಳೂರಲ್ಲಿ ಕೂತು. ಅವರ ಮನಸ್ಸಿಗೆ ಮೊದಲು ಕಂಡಿದ್ದು ಊರಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಮಲೆನಾಡಲ್ಲಿ ನಿಜವಾದ ಹಳಿ ಬೀಳ್ತಾ ಇದ್ದದ್ದೂ ಅದೇ ದಶಕದಲ್ಲಿ.

ಐವತ್ತು ವರ್ಷ ಬಿಟ್ಟು ಶಂಕರ್‌ನಾಗ್ ಅದನ್ನ ದೂರದರ್ಶನಕ್ಕೆ ತರೋಕೆ ಹೊರಟರು. ‘ಮಾಲ್ಗುಡಿ ಡೇಸ್’ ಪ್ರಸಾರ ಆಗಿದ್ದು 1980ರ ದಶಕದ ನಡುವಿನಲ್ಲಿ. ಬೀದಿ, ಮನೆ, ಅಂಗಡಿ ಎಲ್ಲಾ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಆದರೆ ಅಲ್ಲಿ ರೈಲಿಲ್ಲವಲ್ಲ! ನಿಲ್ದಾಣದ ದೃಶ್ಯಗಳಿಗೆ ಅರಸಾಳಿಗೇ ಬರಬೇಕಾಯ್ತು. ಅಂದರೆ ನೀವು ಪರದೆ ಮೇಲೆ ನೋಡೋ ಒಂದೇ ಮಾಲ್ಗುಡಿಯನ್ನ ಎರಡು ತಾಲ್ಲೂಕಿಂದ ತಂದು ಹೊಲಿದಿದ್ದಾರೆ.

ಆಮೇಲೆ ಮಾರ್ಗದ ಕಷ್ಟಕಾಲ ಬಂತು. ಮೀಟರ್ ಗೇಜ್ ಹಳೇದಾಯ್ತು. ಒಂದು ಹಂತದಲ್ಲಿ ಇಲ್ಲಿ ಓಡ್ತಾ ಇದ್ದದ್ದು ರೈಲುಬಸ್ಸು. ಹೆಚ್ಚು ಕಮ್ಮಿ ಹಳಿ ಮೇಲೆ ಇಟ್ಟ ಒಂದು ಬಸ್ಸೇ ಅದು. ಅದೂ ನಿಂತು, ಬ್ರಾಡ್‌ಗೇಜ್ ಕೆಲಸ ಮುಗಿದು, 2011ರ ಹೊತ್ತಿಗೆ ತಾಳಗುಪ್ಪದವರೆಗೆ ದೊಡ್ಡ ರೈಲು ಬಂತು. ಬೆಂಗಳೂರು, ಮೈಸೂರಿಗೆ ನೇರ ಸಂಪರ್ಕ ಸಿಕ್ಕಿತು.

ಆದರೆ ಇಲ್ಲೊಂದು ತಿರುವಿದೆ. ರೈಲುಬಸ್ಸು ನಿಧಾನ ಹೋಗ್ತಿತ್ತು, ಸಣ್ಣ ಊರಲ್ಲೂ ನಿಲ್ತಿತ್ತು. ಎಕ್ಸ್‌ಪ್ರೆಸ್ ಹಾಗಲ್ಲ. ಅದಕ್ಕೆ ಸಮಯ ಉಳಿಸಬೇಕು. ಹಾಗಾಗಿ ಹಳಿ ದೊಡ್ಡದಾದ ಮೇಲೆ ಸಣ್ಣ ನಿಲ್ದಾಣದವರು ‘ನಮ್ಮಲ್ಲೂ ನಿಲ್ಲಿಸಿ’ ಅಂತ ಮನವಿ ಕೊಡೋ ಸ್ಥಿತಿ ಬಂತು. ಅರಸಾಳು, ಕುಂಸಿಗೆ ಕೆಲವು ರೈಲುಗಳ ತಾತ್ಕಾಲಿಕ ನಿಲುಗಡೆ ಕೊಟ್ಟು, ಆಮೇಲೆ ಅದನ್ನ ಮುಂದುವರಿಸೋ ಆದೇಶ ಹೊರಡಿಸೋದು ರೂಢಿಯಾಗಿದೆ. ತಾತ್ಕಾಲಿಕ ಅಂದರೆ ಏನು? ಇಷ್ಟು ತಿಂಗಳು ನಿಲ್ಲಿಸ್ತೀವಿ, ಎಷ್ಟು ಜನ ಹತ್ತಿ ಇಳೀತಾರೆ, ಎಷ್ಟು ಟಿಕೆಟ್ ಹೋಗುತ್ತೆ ನೋಡ್ತೀವಿ ಅಂತ.

ಈ ಮಧ್ಯೆ 2020ರಲ್ಲಿ ಅರಸಾಳಿನ ಹಳೇ ನಿಲ್ದಾಣದ ಕಟ್ಟಡಕ್ಕೆ ಹೊಸ ಜೀವ ಬಂತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ರೂಪಿಸಿದರು. ಹಳೇ ರೈಲು ಬೋಗಿಯೊಂದು ಚಹಾ ಅಂಗಡಿಯಾಯ್ತು. ನನಗೆ ಇದು ಖುಷಿ ಕೊಡೋ ವಿಷಯವೇ. ಪಾಳು ಬೀಳಬೇಕಿದ್ದ ಕಟ್ಟಡ ಉಳೀತು.

ಆದರೂ ನನ್ನನ್ನ ಒಂದು ಯೋಚನೆ ಬಿಡೋದಿಲ್ಲ. ಮ್ಯೂಸಿಯಂ ನೋಡೋಕೆ ಕಾರಲ್ಲಿ ಬಂದು, ಫೋಟೊ ತೆಗೆದು, ಚಹಾ ಕುಡಿದು ಕಾರಲ್ಲೇ ವಾಪಸ್ ಹೋದರೆ, ರೈಲ್ವೆಯ ಲೆಕ್ಕದಲ್ಲಿ ಆ ನಿಲ್ದಾಣಕ್ಕೆ ಯಾರೂ ಬಂದೇ ಇಲ್ಲ. ಶಿವಮೊಗ್ಗಕ್ಕೆ ಕಾಲೇಜಿಗೆ, ಆಸ್ಪತ್ರೆಗೆ ಅಂತ ಹೋಗೋ ಊರಿನವರ ಕೈಲಿರೋ ಟಿಕೆಟ್ ಮಾತ್ರ ಲೆಕ್ಕಕ್ಕೆ ಬರೋದು. ಇಲ್ಲದ ಊರಿನ ನಿಲ್ದಾಣವನ್ನ ನಾವು ಇಷ್ಟು ಪ್ರೀತಿಯಿಂದ ಕಾಪಾಡಿದ್ದೀವಿ. ಇರೋ ಊರಿನ ನಿಲ್ದಾಣಕ್ಕೆ ರೈಲು ನಿಲ್ಲಬೇಕಾ ಬೇಡ್ವಾ ಅನ್ನೋದು ಮಾತ್ರ ಪ್ರತಿ ಸಲ ಹೊಸದಾಗಿ ತೀರ್ಮಾನ ಆಗಬೇಕು.

ಟಿಕೆಟ್ ಲೆಕ್ಕ ತಪ್ಪು ಅಂತ ನಾನು ಹೇಳ್ತಿಲ್ಲ. ರೈಲು ಓಡಿಸೋಕೂ ದುಡ್ಡು ಬೇಕು. ಆದರೆ ಈ ಮಾರ್ಗ ಹಾಕಿದಾಗ ಟಿಕೆಟ್ ಒಂದನ್ನೇ ನೋಡಿ ಹಾಕಿದ್ದಲ್ಲ. ಈ ಸೀಮೆಯ ಮರ, ಅದಿರು, ನೀರು ಎಲ್ಲವೂ ಆ ಲೆಕ್ಕದಲ್ಲಿದ್ದವು. ಕೊಟ್ಟಿದ್ದನ್ನ ಮರೆತು, ಹತ್ತೋರನ್ನ ಮಾತ್ರ ಎಣಿಸಿದ್ರೆ ಲೆಕ್ಕ ಅರ್ಧ ಆಗುತ್ತೆ.

ಜೋಗಕ್ಕೋ ಅರಸಾಳಿಗೋ ಹೋಗೋ ಪ್ಲಾನ್ ಇದ್ದರೆ ಒಂದು ಕೆಲಸ ಮಾಡಿ. ರೈಲಲ್ಲಿ ಹೋಗಿ. ಹೊರಡೋ ಮುಂಚೆ ಯಾವ ರೈಲು ಅಲ್ಲಿ ನಿಲ್ಲುತ್ತೆ ಅಂತ ಫೋನಲ್ಲಿ ನೋಡಿಕೊಳ್ಳಿ. ವಾಪಸ್ ಬರುವಾಗ ಅರಸಾಳಿನ ಕೌಂಟರಲ್ಲೇ ಟಿಕೆಟ್ ತಗೊಳ್ಳಿ. ಮ್ಯೂಸಿಯಂ ಫೋಟೊಗಿಂತ ಆ ಚೀಟಿ ಊರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತೆ.

ನಿಮ್ಮೂರಲ್ಲೂ ಹೀಗೆ ರೈಲು ನಿಲ್ಲೋದನ್ನೇ ಮರೆತ ನಿಲ್ದಾಣ ಇದ್ದರೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.