ಪೌಲನ ಪತ್ರಗಳು ಮತ್ತು ಚರಿತ್ರೆಯ ಪೌಲ

ಕ್ರೈಸ್ತಮತದ ಆದಿಪ್ರಚಾರಕರಲ್ಲಿ ಅಗ್ರಗಣ್ಯನಾದ ಪೌಲನ ಜೀವನಕ್ಕೆ ಮುಖ್ಯ ಆಕರಗಳು ಎರಡು: ಅವನು ಗ್ರೀಕ್ ಭಾಷೆಯಲ್ಲಿ ಬರೆದ ಪತ್ರಗಳು ಮತ್ತು ಲೂಕನ ರಚನೆಯೆಂದು ಪರಂಪರೆ ಹೇಳುವ ‘ಅಪೊಸ್ತಲರ ಕೃತ್ಯಗಳು’. ಎರಡನೆಯದು ಸೊಗಸಾದ ಕಥನ. ಜನಮನದಲ್ಲಿ ನಿಂತಿರುವ ಪೌಲನೂ ಬಹುಮಟ್ಟಿಗೆ ಅಲ್ಲಿಯವನೇ. ಆದರೆ ಅವನು ಪತ್ರ ಬರೆಯುತ್ತಿದ್ದನೆಂಬ ಸಂಗತಿಯೇ ಆ ಗ್ರಂಥದಲ್ಲಿಲ್ಲ!

ಪೌಲನ ಹೆಸರಿನ 13 ಪತ್ರಗಳಲ್ಲಿ 7 ನಿರ್ವಿವಾದವಾಗಿ ಅವನವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. 50ರದು, ‘ಕೃತ್ಯಗಳು’ ಅದಕ್ಕಿಂತ ಈಚಿನದು.

ದಮಸ್ಕದ ಕೋಟೆಗೋಡೆಯಿಂದ ಬುಟ್ಟಿಯಲ್ಲಿ ಇಳಿದು ಪೌಲನು ಪಾರಾದ ಪ್ರಸಂಗ ಎರಡು ಆಕರಗಳಲ್ಲೂ ಇದೆ. ಲೂಕನ ಪ್ರಕಾರ ಕೊಲ್ಲಲು ಹೊಂಚುಹಾಕಿದವರು ಯೆಹೂದ್ಯರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ಹೆಸರಿಸುವುದು ಅರಸ ಅರೇತನ ಅಧಿಕಾರಿಯನ್ನು. ಅರೇತನು ಕ್ರಿ.ಶ. 40ರ ಸುಮಾರಿನವರೆಗೆ ಆಳಿದ ನಬಾತಿಯ ದೊರೆ. ಪೌಲನ ಕಾಲನಿರ್ಣಯಕ್ಕೆ ಈ ಒಂದು ಹೆಸರು ಗಟ್ಟಿ ಆಧಾರ. ಅದಕ್ಕಿಂತ ಮಿಗಿಲಾದುದು ಪ್ರಸಂಗದ ಧ್ವನಿ: ಪೌಲನು ಇದನ್ನು ಸಾಹಸವಾಗಿಯಲ್ಲ, ತನ್ನ ದೌರ್ಬಲ್ಯಗಳ ಸಾಲಿನಲ್ಲಿ ಹೇಳಿಕೊಂಡಿದ್ದಾನೆ.

ಲೂಕನ ಪೌಲ ಅಥೆನ್ಸಿನಲ್ಲೂ ಎದೆಗುಂದದ ವಾಗ್ಮಿ. (ಭಕ್ತರ ಲೇಖನಿಯಲ್ಲಿ ವಾಗ್ಮಿಯಲ್ಲದ ಗುರು ಅಪರೂಪ.) ಇತ್ತ ಅದೇ ಕೊರಿಂಥ ಪತ್ರದಲ್ಲಿ, ಇವನ ಓಲೆಗಳಿಗಿರುವ ತೂಕ ಎದುರು ನಿಂತಾಗ ಇವನ ಮಾತಿಗಿಲ್ಲವೆಂಬ ವಿರೋಧಿಗಳ ಮೂದಲಿಕೆಯನ್ನು ಪೌಲನೇ ದಾಖಲಿಸಿದ್ದಾನೆ.